ನಮ್ಮ ಕ್ಯಾರವಾನ್ ಪಾರ್ಕಿನ ವೈಫೈ ಪೆಟ್ಟಿಗೆಗಳು ಯಾರ ಜೊತೆ ಮಾತಾಡುತ್ತಿದ್ದವು?

ಕರಾವಳಿ ಪಟ್ಟಣಗಳ ಉಚಿತ ವೈಫೈ ಯೋಜನೆಯ ನಿರ್ದೇಶಕರಿಗೆ, ಅಡಿಲೇಡ್

ಮಾನ್ಯ ನಿರ್ದೇಶಕರೇ,

ರಜೆಗೆ ಬಂದವರು ಗಾಲಿಮನೆಗಳಲ್ಲೂ ಡೇರೆಗಳಲ್ಲೂ ತಂಗುವ ನಮ್ಮ ಕ್ಯಾರವಾನ್ ಪಾರ್ಕಿನ ಕಂಬಗಳ ಮೇಲೂ ಗೋಡೆಗಳ ಮೇಲೂ ಇರುವ ವೈಫೈ ಪೆಟ್ಟಿಗೆಗಳನ್ನು ಕಳಚಿ, 'ಮೂಲ ಸ್ಥಿತಿ'ಗೆ ತಂದು, ನಿಮ್ಮ ಕಚೇರಿಗೆ ಒಪ್ಪಿಸಬೇಕೆಂದು ನನಗೆ ನೋಟಿಸ್ ಕೊಟ್ಟಿದ್ದೀರಿ. ಒಪ್ಪಿಸುವುದಿಲ್ಲ ಎಂದು ತಿಳಿಸಲು ಈ ಪತ್ರ. ಇದನ್ನು ನಿಮ್ಮ ಟಪಾಲಿಗೆ ಮಾತ್ರ ಹಾಕದೆ ಪತ್ರಿಕೆಗೂ ಏಕೆ ಕಳಿಸುತ್ತಿದ್ದೇನೆಂದರೆ, ನಿಮಗೆ ಖಾಸಗಿಯಾಗಿ ಬರೆದ ಪತ್ರಗಳು ಎಲ್ಲಿಗೆ ಹೋಗಿ ಸೇರುತ್ತವೆ ಎಂಬುದು ನನಗೆ ಈವರೆಗೆ ಗೊತ್ತಾಗಿಲ್ಲ. ಆ ಪೆಟ್ಟಿಗೆಗಳಿಂದ ಹೊರಟ ಮಾಹಿತಿ ಎಲ್ಲಿಗೆ ಹೋಗಿ ಸೇರುತ್ತಿತ್ತು ಎಂಬುದೂ ಗೊತ್ತಾಗಿಲ್ಲ. ಎರಡೂ ಒಂದೇ ಕಡೆ ಸೇರಿರಲಿಕ್ಕಿಲ್ಲ ಎಂದು ಭಾವಿಸುತ್ತೇನೆ, ಏಕೆಂದರೆ ಎರಡನೆಯದನ್ನು ಯಾರೋ ಶ್ರದ್ಧೆಯಿಂದ ಓದುತ್ತಿದ್ದರು.

ನನ್ನ ಅಪರಾಧವನ್ನು ನಿಮ್ಮ ನೋಟಿಸಿನ ಭಾಷೆಯಲ್ಲೇ ಹೇಳಿಬಿಡುತ್ತೇನೆ: 'ಯೋಜನೆಯ ಸಾಧನಗಳಲ್ಲಿ ಅನಧಿಕೃತ ಫರ್ಮ್‌ವೇರ್ ಅಳವಡಿಕೆ'. ಓದುಗರಿಗಾಗಿ ಬಿಡಿಸಿ ಹೇಳುವುದಾದರೆ, ಇಂಥ ಪ್ರತಿಯೊಂದು ಪೆಟ್ಟಿಗೆಯೊಳಗೂ ಕಾರ್ಖಾನೆಯಲ್ಲೇ ಒಂದು ತಂತ್ರಾಂಶ ಕೂರಿಸಿರುತ್ತಾರೆ. ಪೆಟ್ಟಿಗೆ ಏನು ಮಾಡಬೇಕು, ಯಾರ ಮಾತು ಕೇಳಬೇಕು, ಯಾರಿಗೆ ವರದಿ ಒಪ್ಪಿಸಬೇಕು ಎಂಬುದನ್ನು ನಿರ್ಧರಿಸುವುದು ಅದೇ. ನಾನು ಅದನ್ನು ಅಳಿಸಿ, ಜಗತ್ತಿನ ನಾನಾ ಕಡೆಯ ಜನ ಸೇರಿ ಬರೆದ, ಯಾರು ಬೇಕಾದರೂ ಬಿಚ್ಚಿ ಓದಬಹುದಾದ ಮುಕ್ತ ತಂತ್ರಾಂಶವನ್ನು ಅದರ ಜಾಗದಲ್ಲಿ ಕೂರಿಸಿದೆ. ಇದರಲ್ಲಿ ಮುಚ್ಚಿಡುವಂಥದ್ದೇನೂ ನನ್ನ ಕಡೆಯಿಂದ ಇಲ್ಲ. ನಿಮ್ಮ ಕಡೆಯಿಂದ ಇದೆಯೇ ಎಂಬುದೇ ಈ ಪತ್ರದ ಪ್ರಶ್ನೆ.

ಏಕೆಂದರೆ ನನಗೊಂದು ವಿಷಯ ವಿಚಿತ್ರವಾಗಿ ಕಾಣುತ್ತದೆ. ಕಳೆದ ಬೇಸಿಗೆಯಲ್ಲಿ ನಿಮ್ಮ ಯಾವುದೋ ಪರವಾನಗಿ ನವೀಕರಣವಾಗದೆ ಅರ್ಧಕ್ಕರ್ಧ ಪೆಟ್ಟಿಗೆಗಳು ಕೆಲಸ ನಿಲ್ಲಿಸಿ ಕೆಂಪು ದೀಪ ಹತ್ತಿಸಿಕೊಂಡು ಕುಳಿತಿದ್ದವು. ರಜೆಗೆ ಬಂದವರು ನನ್ನ ಬಾಗಿಲಲ್ಲಿ ಸಾಲುಗಟ್ಟಿ ನಿಂತು ಬೈದರು. ನಾನು ನಿಮಗೆ ಬರೆದೆ, ಫೋನ್ ಮಾಡಿದೆ, ಮತ್ತೆ ಬರೆದೆ. ಬೇಸಿಗೆ ಮುಗಿದು, ಜನ ಡೇರೆ ಕಿತ್ತು ಹೋದ ಮೇಲೆ ದೀಪಗಳು ತಾವಾಗಿಯೇ ಹಸಿರಾದವು. ಆಗ ಪೋರ್ಟ್ ಕ್ಯಾರೊ ಎಂಬ ನಮ್ಮ ಊರು ನಕ್ಷೆಯಲ್ಲಿ ಎಲ್ಲಿದೆ ಎಂಬುದೇ ನಿಮಗೆ ಮರೆತಿತ್ತು. ಆದರೆ ಅದೇ ಪೆಟ್ಟಿಗೆಗಳು ಚೆನ್ನಾಗಿ ಕೆಲಸ ಮಾಡುತ್ತ, ನಿಮಗೆ ವರದಿ ಕೊಡುವುದನ್ನು ಮಾತ್ರ ನಿಲ್ಲಿಸಿದಾಗ, ಆ ವಾರವೇ ನಿಮ್ಮ ವ್ಯಾನು ನಮ್ಮ ಗೇಟಿನಲ್ಲಿತ್ತು. ವೈಫೈ ಸತ್ತಾಗ ಬಾರದವರು, ವರದಿ ನಿಂತಾಗ ಓಡಿ ಬಂದಿರಿ. ಹಾಗಾದರೆ ನೀವು ನಮ್ಮೂರಿಗೆ ಕೊಟ್ಟದ್ದು ವೈಫೈಯನ್ನೋ, ಇನ್ನೇನನ್ನೋ?

ಕೊಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಜೆಟ್ಟಿಯ ಬಳಿ ಶಾಮಿಯಾನ ಹಾಕಿಸಿದ್ದಿರಿ. ಅಗ್ನಿಶಾಮಕ ದಳದ ಸ್ವಯಂಸೇವಕರು ಸಾಸೇಜ್ ಸುಡುತ್ತಿದ್ದರು, ಈರುಳ್ಳಿಯ ಹೊಗೆ ನಿಮ್ಮ ಭಾಷಣದ ಮೇಲೆಯೇ ಹಾಯುತ್ತಿತ್ತು. "ಇವು ಇನ್ನು ಮೇಲೆ ನಿಮ್ಮವು, ನಿಮ್ಮ ಊರಿನವು" ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು. ದೊಡ್ಡ ಕಚೇರಿ, ಹೋಟೆಲುಗಳಲ್ಲಿ ಹಾಕುವಂಥ ಗಟ್ಟಿ ಪೆಟ್ಟಿಗೆಗಳು ನಮ್ಮಂಥ ಬಾರ್ಲಿ ಬೆಳೆಯುವ, ಏಡಿ ಹಿಡಿಯುವ ಊರಿಗೆ ಬಂದದ್ದು ಸಣ್ಣ ವಿಷಯವಲ್ಲ. ಪ್ರತಿ ಪೆಟ್ಟಿಗೆಯ ಕೆಳಗೂ ಒಂದು ನೀಲಿ ಫಲಕ: 'ಉಚಿತ. ವೇಗ. ನಿಮ್ಮ ಮಾಹಿತಿ ಸುರಕ್ಷಿತ.' ಫೋನಿನಲ್ಲಿ ಸಂಪರ್ಕ ಸಿಗಬೇಕಾದರೆ ಮೊದಲು ಒಂದು ಪುಟ ತೆರೆದುಕೊಳ್ಳುತ್ತಿತ್ತು. ಅಲ್ಲಿ ಹೆಸರು, ಇಮೇಲ್, ಎಲ್ಲಿಂದ ಬಂದಿರಿ ಎಂದು ತುಂಬಬೇಕು. ತುಂಬದಿದ್ದರೆ ಸಂಪರ್ಕವಿಲ್ಲ. ಉಚಿತವಾಗಿ ಸಿಗುವ ವಸ್ತುವಿಗೆ ಇಷ್ಟು ಪರಿಚಯ ಯಾಕೆ ಹೇಳಿಕೊಳ್ಳಬೇಕು ಎಂದು ಆಗ ಯಾರೂ ಕೇಳಲಿಲ್ಲ. ಸುರಕ್ಷಿತ ಎಂದು ಬರೆದಿತ್ತಲ್ಲ.

ಈಗ ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಆಕೆಯ ನಿಜವಾದ ಹೆಸರು ಬರೆಯುವುದಿಲ್ಲ, ಡೆಲ್ಫೀನ್ ಎಂದುಕೊಳ್ಳಿ. ಆಕೆ ಈಗ ನಮ್ಮಲ್ಲಿಲ್ಲ, ಎಲ್ಲಿದ್ದಾಳೆಂದು ನನಗೂ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಬರೆಯಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ.

ಈಸ್ಟರ್ ಜನಜಂಗುಳಿ ಕರಗಿದ ಮೇಲೆ ಒಂದು ಹಳೇ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಒಂದು ಮುದಿ ನಾಯಿಯನ್ನು ಕೂರಿಸಿಕೊಂಡು ಬಂದಳು. ನೋಡಿದ ಕೂಡಲೇ ಗೊತ್ತಾಗುತ್ತಿತ್ತು, ರಜೆಗೆ ಬಂದವಳಲ್ಲ ಎಂದು. ಸಮುದ್ರದ ಕಡೆಯ ಕ್ಯಾರವಾನ್ ಖಾಲಿಯಿದೆ, ನೋಟ ಚೆನ್ನಾಗಿದೆ ಎಂದೆ. "ನೋಟ ಬೇಡ. ರಸ್ತೆಗೆ ಕಾಣದೇ ಇರೋದು ಯಾವ್ದಾದ್ರೂ ಇದ್ರೆ ಕೊಡಿ" ಎಂದಳು. ಬಟ್ಟೆ ಒಗೆಯುವ ಕಟ್ಟಡದ ಹಿಂದೆ, ಕುರುಚಲು ಮರಗಳ ಮರೆಯಲ್ಲಿ ಒಂದಿತ್ತು. ಅದನ್ನು ಕೊಟ್ಟೆ. ಕೆಲವು ದಿನದಲ್ಲೇ ತಾನಾಗಿ ಪೊರಕೆ ಹಿಡಿದು ಸ್ನಾನದ ಮನೆಗಳನ್ನು ತೊಳೆಯತೊಡಗಿದಳು, ನಾನು ಬೇಡವೆನ್ನಲಿಲ್ಲ. ಗಂಡ ಹತ್ತಿರ ಬರಕೂಡದೆಂದು ನ್ಯಾಯಾಲಯದ ಆದೇಶವಿದೆ ಎಂದೂ, ಆದರೂ ಹಿಂದೆ ಇದ್ದ ಎರಡು ಕಡೆಯೂ ಅವನು ಪತ್ತೆ ಹಚ್ಚಿ ಬಂದನೆಂದೂ ಆಕೆ ಹೇಳಿದ್ದು ಸ್ವಲ್ಪ ದಿನ ಕಳೆದ ಮೇಲೆ. ಫೋನ್ ನಂಬರ್ ಬದಲಿಸಿದ್ದಳು. ಅಕ್ಕನಿಗೂ ಊರಿನ ಹೆಸರು ಹೇಳಿರಲಿಲ್ಲ. ವಕೀಲರ ಪತ್ರಗಳು ಬರುತ್ತಿದ್ದ ಇಮೇಲ್ ಒಂದು ಮಾತ್ರ ಹಳೆಯದೇ ಇತ್ತು, ನಿಮ್ಮ ಪುಟದಲ್ಲಿ ತುಂಬಿದ್ದು ಅದನ್ನೇ.

"ಇದ್ರಲ್ಲಿ ಹಾಕಿದ್ರೆ ಏನೂ ತೊಂದ್ರೆ ಇಲ್ವಾ ಗ್ವೆಂಡಾ?" ಎಂದು ನನ್ನನ್ನು ಕೇಳಿದ್ದಳು.

ನಾನು ನೀಲಿ ಫಲಕವನ್ನು ತೋರಿಸಿದೆ. "ಸರ್ಕಾರದೋರು ಬರ್ದಿದಾರೆ ನೋಡಮ್ಮ, ಸುರಕ್ಷಿತ ಅಂತ."

ಆತ ಬಂದದ್ದು ಚಳಿಗಾಲ ಶುರುವಾದಾಗ, ಒಂದು ಬೆಳಗ್ಗೆ. ಕೈಯಲ್ಲೊಂದು ಹೊಸ ಗಾಳ. ಅಂಗಡಿಯ ಚೀಟಿ ಇನ್ನೂ ಅದರಲ್ಲಿ ನೇತಾಡುತ್ತಿತ್ತು. ನನ್ನ ಕಚೇರಿಯೆಂದರೆ ಅರ್ಧ ಕಚೇರಿ, ಅರ್ಧ ಅಂಗಡಿ. ಆಗ ಅಲ್ಲಿ ಮರ್ವ್ ಪೆಂಗಿಲಿ ಕುಳಿತು ಚಹಾ ಕುಡಿಯುತ್ತಿದ್ದ. ಮರ್ವ್ ನನ್ನ ಓರಗೆಯವನು, ನಮ್ಮ ಪಾರ್ಕಿನ ಖಾಯಂ ನಿವಾಸಿ. ಮೊದಲು ಏಡಿ ಹಿಡಿಯುತ್ತಿದ್ದ, ಈಗ ಹಿಡಿದ ಏಡಿಗಳ ಕತೆ ಹೇಳುತ್ತಾನೆ.

"ನನ್ ಹೆಂಡ್ತೀನ ನೋಡ್ಬೇಕಿತ್ತು," ಎಂದ ಬಂದವನು, ಬಹಳ ವಿನಯದಿಂದ. ಹೆಸರು ಹೇಳಿದ.

"ಆ ಹೆಸರಿನೋರು ಯಾರೂ ಇಲ್ಲಪ್ಪ ಇಲ್ಲಿ."

"ಇದಾಳೆ. ಹಿಂದ್ಗಡೆ ಇರ್ತಾಳೆ, ಬಟ್ಟೆ ಒಗೆಯೋ ಕಟ್ಟಡದ ಹತ್ರ. ಬೆಳಗ್ಗೆ ಹೊತ್ತು ಸ್ನಾನದ ಮನೆ ಕಡೆ ಹೋಗಿರ್ತಾಳೆ, ಆಮೇಲೆ ವಾಪಸ್ ಅಲ್ಲಿಗೇ."

"ನೀವು ಮುಂಚೆ ಬಂದಿದ್ರಾ ಇಲ್ಲಿಗೆ?"

"ಇಲ್ಲ. ಇದೇ ಮೊದಲು."

ನಿರ್ದೇಶಕರೇ, ಆ ಎರಡು ಮಾತನ್ನು ಜೊತೆಗಿಟ್ಟು ಇನ್ನೊಮ್ಮೆ ಓದಿ. ನನಗೆ ಆ ಕ್ಷಣದಲ್ಲಿ ಯೋಚಿಸಲು ಸಮಯವಿರಲಿಲ್ಲ. ಅವನನ್ನು ಕೂರಿಸುವುದು ಮೊದಲ ಕೆಲಸವಾಗಿತ್ತು. "ದೂರದಿಂದ ಬಂದಿದೀರ, ಕೂತ್ಕೊಳ್ಳಿ. ಪ್ಯಾಸ್ಟಿ ಬಿಸಿ ಮಾಡ್ತೀನಿ. ಒಂದ್ಸಲ ನಮ್ಮ ಪುಸ್ತಕ ನೋಡಿ ಹೇಳ್ತೀನಿ," ಎಂದೆ. ಹಾಗೆಯೇ ಮರ್ವ್‌ನ ಕಡೆ ತಿರುಗಿ, "ಮರ್ವ್, ಹಿಂದ್ಗಡೆ ಗ್ಯಾಸ್ ಸೋರ್ತಿದೆ ಅಂದಿದ್ಯಲ್ಲ, ಒಂದ್ಸಲ ಹೋಗಿ ನೋಡು" ಎಂದೆ.

ಮರ್ವ್ ಅಂಥದ್ದೇನೂ ಅಂದಿರಲಿಲ್ಲ. ನನ್ನ ಮುಖ ನೋಡಿದ. ಆ ಮನುಷ್ಯನ ಹೊಸ ಗಾಳ ನೋಡಿದ. "ಹೌದಲ್ವಾ, ಮರೆತೇಬಿಟ್ಟಿದ್ದೆ. ಗ್ಯಾಸ್ ವಿಷ್ಯ, ಉದಾಸೀನ ಮಾಡೋ ಹಾಗಿಲ್ಲ" ಎಂದು ಚಹಾ ಅಲ್ಲೇ ಬಿಟ್ಟು, ಅವಸರವೇ ಇಲ್ಲದವನಂತೆ ಎದ್ದು ಹೋದ.

ನಾನು ಮಾಂಸ ತುಂಬಿದ ಪ್ಯಾಸ್ಟಿ ಕೊಟ್ಟೆ, ಟೊಮ್ಯಾಟೊ ಸಾಸ್ ಕೊಟ್ಟೆ, ಮೀನು ಯಾವ ಕಡೆ ಚೆನ್ನಾಗಿ ಬೀಳುತ್ತೆಂದು ಇಲ್ಲದ ಪಾಠವೆಲ್ಲ ಹೇಳಿದೆ. ಒಳಗೆ ಹೋಗಿ ಪಕ್ಕದೂರಿನ ಪೊಲೀಸ್ ಠಾಣೆಗೆ ಫೋನ್ ಮಾಡಿ ಬಂದೆ. ಅಷ್ಟರಲ್ಲಿ ಸಮುದ್ರದ ಕಡೆಯಿಂದ ದೋಣಿಯ ಎಂಜಿನ್ ಶಬ್ದ ಕೇಳಿತು, ಅದರ ಮೇಲೆ ಮುದಿ ನಾಯಿಯೊಂದು ಬೊಗಳುವ ಸದ್ದು. ಆ ಬೊಗಳುವಿಕೆಯನ್ನು ಅವನು ಗುರುತು ಹಿಡಿದ. ಪ್ಯಾಸ್ಟಿಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, ಬಾಯಿ ಒರೆಸಿಕೊಂಡು, ಹೊರಗೆ ಹೋಗಿ ನಿಂತ. ಮರ್ವ್‌ನ ಪುಟ್ಟ ತಗಡಿನ ದೋಣಿ ಆಗಲೇ ಜೆಟ್ಟಿಯ ತುದಿ ದಾಟಿ, ಕೊಲ್ಲಿಯ ಆಚೆ ದಡದ ಕಡೆ ಮೂತಿ ತಿರುಗಿಸಿತ್ತು.

"ಸುಳ್ಳು ಹೇಳ್ದೆ ನೀನು," ಎಂದ.

"ಹೌದು," ಎಂದೆ.

ಅವನು ನನ್ನನ್ನು ಏನೂ ಮಾಡಲಿಲ್ಲ. ನೆಟ್ಟಗೆ ಹಿಂದಿನ ಕ್ಯಾರವಾನಿಗೆ ನಡೆದ, ದಾರಿ ಕೇಳದೆ. ಪೊಲೀಸರು ಬಂದಾಗ ಅದರ ಮೆಟ್ಟಿಲ ಮೇಲೆ ಕುಳಿತಿದ್ದ, ಆಕೆಯ ಕೋಟನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು. ಆದೇಶ ಮುರಿದದ್ದಕ್ಕೆ ಕರೆದೊಯ್ದರು. ಮುಂದೆ ಜಾಮೀನೂ ಆಯಿತು.

ಆ ದಿನ ಡೆಲ್ಫೀನ್ ಪಾರಾದಳು. ಆದರೆ ಆಚೆ ದಡದಲ್ಲಿ, ಮರ್ವ್‌ನ ತಂಗಿಯ ಅಡುಗೆಮನೆಯಲ್ಲಿ ನಾನು ಆಕೆಯನ್ನು ಕಂಡಾಗ ಆಕೆ ನನ್ನನ್ನು ತಬ್ಬಿಕೊಳ್ಳಲಿಲ್ಲ. ಮೈಮೇಲೆ ಮರ್ವ್‌ನ ಉಪ್ಪುಗಟ್ಟಿದ ಮಳೆಯಂಗಿ, ಕಾಲ ಬಳಿ ನಾಯಿ. ತುಂಬ ಹೊತ್ತು ನನ್ನನ್ನೇ ನೋಡಿ ಕೇಳಿದಳು: "ಯಾರಿಗ್ ಹೇಳ್ದೆ ಗ್ವೆಂಡಾ?"

"ಯಾರಿಗೂ ಹೇಳಿಲ್ಲ ಕಣೆ."

"ಯೋಚ್ನೆ ಮಾಡಿ ಹೇಳು. ಬಾಯ್ತಪ್ಪಿ ಏನಾದ್ರೂ. ಮರ್ವ್ ಕುಡ್ದಾಗ ಯಾರ್ ಹತ್ರನಾದ್ರೂ ಅಂದಿರ್ಬೋದಾ?"

ಬಾಗಿಲ ಬಳಿ ನಿಂತಿದ್ದ ಮರ್ವ್ ಅದನ್ನು ಕೇಳಿಸಿಕೊಂಡ. ಕೊಲ್ಲಿ ದಾಟಿಸಿ ತಂದವನು. ಹೊರಗೆ ಹೋಗಿ ದೋಣಿಯ ಹಗ್ಗ ಬಿಗಿಮಾಡುತ್ತ ನಿಂತ. ನಿರ್ದೇಶಕರೇ, ನಿಮ್ಮ ಯೋಜನೆ ನಮ್ಮ ಊರಿಗೆ ತಂದದ್ದರಲ್ಲಿ ಇದನ್ನೂ ಸೇರಿಸಿಕೊಳ್ಳಿ. ಒಬ್ಬರನ್ನೊಬ್ಬರು ಹೀಗೆ ನೋಡುವುದನ್ನು ಅಲ್ಲಿಯವರೆಗೆ ನಾವು ಕಲಿತಿರಲಿಲ್ಲ.

ಆಮೇಲೆ ನಾನು ಕೇಳಿದೆ, "ನಿನ್ನ ಗಂಡ ಏನ್ ಕೆಲ್ಸ ಮಾಡೋದು?" ಅದುವರೆಗೂ ಕೇಳಬೇಕೆನಿಸಿರಲಿಲ್ಲ.

"ಕಂಪ್ಯೂಟರ್ ಕೆಲ್ಸ. ಯಾವ್ ಯಾವ್ ಊರಿಗೆ ಎಷ್ಟ್ ಜನ ಟೂರಿಸ್ಟ್ ಬಂದ್ರು, ಎಷ್ಟ್ ದಿನ ಇದ್ರು ಅಂತ ಲೆಕ್ಕ ಮಾಡಿ ಕೌನ್ಸಿಲ್‌ಗಳಿಗೆ ವರದಿ ಮಾಡ್ಕೊಡೋ ಕಂಪನಿ."

ಬಟ್ಟೆ ಒಗೆಯುವ ಕಟ್ಟಡದ ಗೋಡೆಯ ಮೇಲೆ ಒಂದು ಪೆಟ್ಟಿಗೆಯಿದೆ. ಸ್ನಾನದ ಮನೆಯ ಮೇಲೆ ಇನ್ನೊಂದು.

ನಾನೇನೂ ಸಾಬೀತುಮಾಡಲಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ವಕೀಲರ ಶ್ರಮ ಉಳಿಯಲಿ. ಆ ಕಂಪನಿಗೂ ನಿಮ್ಮ ಯೋಜನೆಗೂ ಸಂಬಂಧವಿದೆಯೋ ಇಲ್ಲವೋ ನನಗೆ ತಿಳಿಯದು. ಕೇಳಿದ್ದಕ್ಕೆ ನೀವು ಉತ್ತರಿಸಿಲ್ಲ. ಆದರೆ ಕ್ಯಾರವಾನ್ ಪಾರ್ಕಿಗೆ ಬರುವ ಮೊದಲು ನಾನು ಬಹಳ ವರ್ಷ ಟೆಲಿಫೋನ್ ತಂತ್ರಜ್ಞೆಯಾಗಿದ್ದೆ. ತಂತಿಯ ಮೇಲೆ ಏನಾದರೂ ಹೋಗುತ್ತಿದೆಯೇ ಎಂದು ನೋಡುವುದು ಮರೆತಿಲ್ಲ. ಪೆಟ್ಟಿಗೆಗಳಿಗೂ ಹೊರಗಿನ ಸಂಪರ್ಕಕ್ಕೂ ನಡುವೆ ಒಂದು ಹಳೆಯ ಕಂಪ್ಯೂಟರ್ ಇಟ್ಟು ಗಮನಿಸಿದೆ. ಮಳೆ ಹೊಯ್ಯುತ್ತಿತ್ತು, ಪಾರ್ಕಿನಲ್ಲಿ ಅತಿಥಿಗಳೇ ಇರಲಿಲ್ಲ, ಖಾಯಂ ನಿವಾಸಿಗಳ ಫೋನುಗಳನ್ನೂ ನನ್ನದನ್ನೂ ಆರಿಸಿದ್ದೆ. ಆದರೂ ಪ್ರತಿಯೊಂದು ಪೆಟ್ಟಿಗೆಯೂ ಉಸಿರಾಡಿದಷ್ಟು ನಿಯಮಿತವಾಗಿ ಮಾಹಿತಿಯ ಸಣ್ಣ ಸಣ್ಣ ಪೊಟ್ಟಣಗಳನ್ನು ಹೊರಗೆ ಕಳಿಸುತ್ತಿತ್ತು. ಮರ್ವ್ ತನ್ನ ಫೋನ್ ಹಿಡಿದು ಬಟ್ಟೆ ಒಗೆಯುವ ಕಟ್ಟಡದ ಮುಂದೆ ಸುಮ್ಮನೆ ನಡೆದುಹೋದಾಗ ಅಲ್ಲಿಯ ಪೆಟ್ಟಿಗೆಯ ಪೊಟ್ಟಣ ದಪ್ಪವಾಯಿತು. ಅವನು ವೈಫೈಗೆ ಸೇರಿಯೂ ಇರಲಿಲ್ಲ. ಪೊಟ್ಟಣಗಳಿಗೆ ಬೀಗ ಹಾಕಿದ್ದರಿಂದ ಒಳಗೇನಿತ್ತೋ ಓದಲಾಗಲಿಲ್ಲ. ವಿಳಾಸವನ್ನು ಮಾತ್ರ ಓದಬಹುದಿತ್ತು. ಅದು ನಿಮ್ಮ ಕಚೇರಿಯದಾಗಿರಲಿಲ್ಲ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು, ಸೌಜನ್ಯದ ದನಿ.

"ಅದು ಆರೋಗ್ಯ ಮಾಹಿತಿ ಮೇಡಂ," ಎಂದಳು.

"ಯಾರ ಆರೋಗ್ಯ?"

"ಪೆಟ್ಟಿಗೆದು. ಅದು ಚೆನ್ನಾಗಿದೆ ಅಂತ ತಿಳಿಸ್ತಾ ಇರುತ್ತೆ."

"ಬೇಸಿಗೇಲಿ ಅರ್ಧ ಪೆಟ್ಟಿಗೆ ಕೆಟ್ಟು ಕೂತಿತ್ತಲ್ಲ, ಆವಾಗ ಏನಂತ ತಿಳಿಸ್ತು?"

"ಅದು ಬೇರೆ ವಿಭಾಗ ಮೇಡಂ."

"ಜನ ಹತ್ರ ಬಂದ್ರೆ ಪೆಟ್ಟಿಗೆ ಆರೋಗ್ಯ ಯಾಕಮ್ಮ ದಪ್ಪ ಆಗುತ್ತೆ?"

ಕಾಯಲು ಹೇಳಿದಳು. ಸಂಗೀತ ಕೇಳಿಸಿತು. ಒಳ್ಳೆಯ ಸಂಗೀತವೇ. ಕೊನೆಗೆ ಅದೂ ನಿಂತಿತು.

ಆಗ ನಾನು ತೀರ್ಮಾನಿಸಿದೆ. ಪೆಟ್ಟಿಗೆಗಳನ್ನು ಕಿತ್ತು ಸಮುದ್ರಕ್ಕೆ ಎಸೆಯೋಣ ಎಂದು ಮರ್ವ್ ಹೇಳಿದ. ಆದರೆ ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಜೆಟ್ಟಿಯ ತುದಿಯಲ್ಲಿ, ಗಾಳಿ ಒಳ್ಳೆಯ ಮನಸ್ಸು ಮಾಡಿದಾಗ. ಖಾಯಂ ನಿವಾಸಿಗಳು ವೈದ್ಯರ ಜೊತೆ ಮಾತಾಡುವುದು, ಪಿಂಚಣಿ ಕಚೇರಿಗೆ ಉತ್ತರಿಸುವುದು ಎಲ್ಲ ಈ ವೈಫೈಯಲ್ಲೇ. ಪೆಟ್ಟಿಗೆ ಬೇಕು, ಅದರ ಚಾಡಿ ಬೇಡ. ಹುಡುಕಿದಾಗ ಸರಿಯಾಗಿ ನಮ್ಮ ಮಾದರಿಯ ಪೆಟ್ಟಿಗೆಗೇ ಮುಕ್ತ ತಂತ್ರಾಂಶ ಸಿದ್ಧವಿತ್ತು. ಅದನ್ನು ಸಿದ್ಧಪಡಿಸಿದವರಲ್ಲಿ ಒಬ್ಬಾಕೆ ಹೋಬರ್ಟ್‌ನ ಶಾಲಾ ಶಿಕ್ಷಕಿ, ಇನ್ನೊಬ್ಬ ಹಂಗೆರಿಯವನು. ನಾನು ದಡ್ಡ ಪ್ರಶ್ನೆ ಕೇಳಿದಾಗಲೂ ಇಬ್ಬರೂ ಉತ್ತರಿಸಿದರು. ಸಂಬಳವಿಲ್ಲದ ಇಬ್ಬರು ಅಪರಿಚಿತರಿಂದ ನನಗೆ ಉತ್ತರ ಸಿಕ್ಕಿತು ಎಂಬುದನ್ನು, ಸಂಬಳವಿರುವ ನಿಮ್ಮ ಇಡೀ ಕಚೇರಿಯ ಗಮನಕ್ಕೆ ತರಬಯಸುತ್ತೇನೆ.

ಕೆಲಸ ಸುಲಭವಿರಲಿಲ್ಲ. ಹೊರಗಿನಿಂದ ಯಾರೂ ತಂತ್ರಾಂಶ ಬದಲಿಸದಂತೆ ಪೆಟ್ಟಿಗೆಗೆ ಬೀಗವಿರುತ್ತದೆ. ಹಿಂಬದಿಯ ತಿರುಪು ಬಿಚ್ಚಿ, ಒಳಗಿನ ಸರ್ಕ್ಯೂಟ್ ಹಲಗೆಯ ಮೇಲಿನ ಸಣ್ಣ ಸೂಜಿಗಳಿಗೆ ತಂತಿ ಕೂರಿಸಿ, ವಿದ್ಯುತ್ ಕೊಟ್ಟ ಕೂಡಲೇ, ಅದು ಪೂರ್ತಿ ಎಚ್ಚರಗೊಳ್ಳುವ ಮೊದಲೇ ತಡೆದು ನಿಲ್ಲಿಸಿ, ಹೊಸದನ್ನು ಒಳಗೆ ಕಳಿಸಬೇಕು. ಆ ಎಚ್ಚರ-ನಿದ್ದೆಗಳ ನಡುವಿನ ಗಳಿಗೆ ತಪ್ಪಿದರೆ ಮತ್ತೆ ಮೊದಲಿನಿಂದ. ನಾನು ಅಡುಗೆ ಮೇಜಿನ ಮೇಲೆ ಕನ್ನಡಕ ಏರಿಸಿಕೊಂಡು ಕುಳಿತೆ; ಮರ್ವ್ ಕಂಬ ಹತ್ತಿ ಪೆಟ್ಟಿಗೆ ಇಳಿಸಿ ತಂದ.

"ಅಂದ್ರೆ ಅದು ಕಣ್ಬಿಡೋಕೆ ಮುಂಚೆ ಕಿವೀಲಿ ಬೇರೆ ಮಂತ್ರ ಊದೋದು," ಎಂದ.

"ಹಾಗೇ ಅನ್ಕೋ."

"ನನ್ ಹೆಂಡ್ತಿ ನಲ್ವತ್ ವರ್ಷ ಟ್ರೈ ಮಾಡಿದ್ಲು. ನಾನ್ ಬದ್ಲಾಗ್ಲಿಲ್ಲ."

ಮೊದಲ ಪೆಟ್ಟಿಗೆ ಕೆಟ್ಟೇ ಹೋಯಿತು. ಹೊಸ ತಂತ್ರಾಂಶ ಬರೆಯುತ್ತಿದ್ದಾಗ ಮರ್ವ್ ಕೆಟಲ್ ಹಾಕಿದ, ಫ್ಯೂಸ್ ಹಾರಿತು. ಕಿತ್ತಳೆ ದೀಪ ಹತ್ತಿ ಹಾಗೇ ನಿಂತಿತು, ಏನು ಮಾಡಿದರೂ ಅಲುಗಾಡಲಿಲ್ಲ.

"ಸತ್ತೋಯ್ತಾ?"

"ಸತ್ತಿರ್ಬೇಕು. ಚಹಾ ಕುಡಿಯದೆ ಒಂದ್ ಗಂಟೆ ಇರೋಕಾಗಲ್ವಾ ನಿಂಗೆ?"

"ನಂಗೇನ್ ಗೊತ್ತು ಅದಕ್ಕೆ ನನ್ ಕೆಟಲ್ ಕಂಡ್ರೆ ಆಗಲ್ಲ ಅಂತ. ಹಂಗೆರಿಯೋನ್ನ ಕೇಳು."

ಹಂಗೆರಿಯವನು ಹೇಳಿದಂತೆ ಮಾಡಿದ ಮೇಲೆ, ಮರುದಿನ, ಅದು ಹಸಿರು ದೀಪ ಹಾಕಿತು. ಮರ್ವ್ ಹೊರಗೆ ಹೋಗಿ ನಾಯಿಯೂ ಇಲ್ಲದ ಖಾಲಿ ಪಾರ್ಕಿಗೆ ಆ ಸುದ್ದಿ ಹೇಳಿಬಂದ. ಉಳಿದವು ಒಂದೊಂದಾಗಿ ಸರಿಯಾದವು. ಈಗ ಹೆಸರು ಕೇಳುವ ಪುಟವಿಲ್ಲ. ಗುಪ್ತಪದವನ್ನು ಅಂಗಡಿಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಪಾರ್ಕಿನ ಆ ತುದಿಯಲ್ಲೂ ಸಂಪರ್ಕ ಮೊದಲಿಗಿಂತ ಗಟ್ಟಿಯಾಗಿದೆ. ಆ ಹಳೆಯ ಕಂಪ್ಯೂಟರನ್ನು ಮತ್ತೆ ನಡುವೆ ಇಟ್ಟು ನೋಡಿದೆ. ಯಾರೂ ಬಳಸದಿದ್ದಾಗ ಪೆಟ್ಟಿಗೆಗಳು ಸುಮ್ಮನಿದ್ದವು. ಆ ಖಾಲಿ ಪರದೆಯನ್ನು ನೋಡುತ್ತ ಕುಳಿತವಳಿಗೆ ಅಳು ಬಂತು. ಮರ್ವ್ ಕಿಟಕಿಯಾಚೆ ನೋಡುತ್ತ ಕುಳಿತ.

ಆ ವಾರವೇ ನಿಮ್ಮ ವ್ಯಾನು ಬಂತು. ಇಸ್ತ್ರಿ ಮಾಡಿದ ಅಂಗಿಯ ಅಧಿಕಾರಿ, ಒಳ್ಳೆಯ ಮನುಷ್ಯನಂತೆಯೇ ಕಂಡ.

"ನಿಮ್ಮ ಸೈಟಿಂದ ಮಾಹಿತಿ ಬರ್ತಿಲ್ಲ," ಎಂದ.

"ವೈಫೈ ಚೆನ್ನಾಗಿ ಬರ್ತಿದೆ. ನಿಮ್ಮ ಫೋನಲ್ಲೇ ನೋಡಿ."

"ಅದಲ್ಲ. ಮಾಹಿತಿ."

"ಯಾವ ಮಾಹಿತಿ?"

ಆತ ಮರ್ವ್‌ನ ಮುಖ ನೋಡಿದ, ನನ್ನ ಮುಖ ನೋಡಿದ. "ಪೆಟ್ಟಿಗೆಗಳು ಇದಾವೆ ಅನ್ನೋ ಮಾಹಿತಿ."

"ಇದಾವೆ. ಕಣ್ಣಾರೆ ನೋಡಿದ್ರಲ್ಲ. ಹೋಗಿ ಹೇಳಿ," ಎಂದ ಮರ್ವ್.

"ಅದನ್ನ ನಾನು ಹೇಳೋಕಾಗಲ್ಲ ಸಾರ್. ಪೆಟ್ಟಿಗೆನೇ ಹೇಳ್ಬೇಕು."

ಈ ಮಾತಿನ ಬಗ್ಗೆ ಬಹಳ ಆಲೋಚಿಸಿದ್ದೇನೆ. ಇಲ್ಲಿಯವರೆಗೆ ವ್ಯಾನಿನಲ್ಲಿ ಬಂದು, ಕಣ್ಣಿನಿಂದ ಕಂಡ ಸರ್ಕಾರಿ ಅಧಿಕಾರಿಯ ಮಾತಿಗಿಂತ, ನಮ್ಮ ಗೋಡೆಯ ಮೇಲಿನ ಪೆಟ್ಟಿಗೆಯ ಮಾತಿಗೆ ನಿಮ್ಮಲ್ಲಿ ಬೆಲೆ ಹೆಚ್ಚು. ಅದು ಏನು ಹೇಳುತ್ತಿತ್ತು ಎಂದು ಆತನಿಗಾದರೂ ಗೊತ್ತೇ? ಗೊತ್ತಿದ್ದಂತೆ ಕಾಣಲಿಲ್ಲ. ಹೊರಡುವ ಮುಂಚೆ ಆತ ದನಿ ತಗ್ಗಿಸಿ, "ಮೇಡಂ, ನಾನು ಬರೀ ದೀಪ ನೋಡೋನು. ಒಳಗಿಂದು ಕಾಂಟ್ರಾಕ್ಟ್ ಕಂಪನಿ ನೋಡ್ಕೊಳ್ಳುತ್ತೆ" ಎಂದ. ಯಾವ ಕಂಪನಿ ಎಂದು ಕೇಳಿದ್ದಕ್ಕೆ ವ್ಯಾನಿನ ಕಿಟಕಿ ಏರಿತು.

ಈಗ ನಿಮ್ಮ ನೋಟಿಸಿನ ಆಕ್ಷೇಪಣೆಗಳಿಗೆ ಬರೋಣ. ರೇಡಿಯೊ ನಿಯಮಗಳ ಉಲ್ಲಂಘನೆಯಾಗಿದೆ ಎಂದಿದ್ದೀರಿ. ಹೊಸ ತಂತ್ರಾಂಶದಲ್ಲಿ ದೇಶ ಆಸ್ಟ್ರೇಲಿಯಾ ಎಂದು ಆರಿಸಿದ್ದೇನೆ, ಪ್ರಸಾರದ ಶಕ್ತಿ ಈ ದೇಶದ ಮಿತಿಯೊಳಗೇ ಇದೆ. ಬೇಕಾದರೆ ಅಳೆಯುವ ಯಂತ್ರ ತನ್ನಿ, ಏಣಿ ನಾನು ಹಿಡಿಯುತ್ತೇನೆ. ಭದ್ರತೆಗೆ ಅಪಾಯ ಎಂದಿದ್ದೀರಿ. ಯಾರ ಭದ್ರತೆಗೆ? ಕಾರ್ಖಾನೆಯ ತಂತ್ರಾಂಶಕ್ಕೆ ನೀವು ಈ ವರ್ಷವೆಲ್ಲ ಒಂದೂ ತಿದ್ದುಪಡಿ ಕಳಿಸಿಲ್ಲ. ನಾನು ಕೂರಿಸಿದ್ದಕ್ಕೆ ಆಗಲೇ ಬಂದಿದೆ. ನಿಮ್ಮದರೊಳಗೆ ಏನಿದೆಯೆಂದು ನನಗೆ ಓದಲಾಗದು, ನಿಮ್ಮ ಅಧಿಕಾರಿಗೂ ಓದಲಾಗದು, ಬಹುಶಃ ನಿಮಗೂ. ನನ್ನದನ್ನು ನಿಮ್ಮ ಕಚೇರಿಯಲ್ಲಿ ಯಾರು ಬೇಕಾದರೂ ಕುಳಿತು ಓದಬಹುದು. ಹೀಗಿರುವಾಗ ಮುಚ್ಚಿದ್ದು ಭದ್ರ, ತೆರೆದದ್ದು ಅಪಾಯ ಎಂದು ಯಾವ ತರ್ಕದಿಂದ ಬರೆದಿರಿ? ಇನ್ನು ಪೆಟ್ಟಿಗೆಗಳು 'ಯೋಜನೆಯ ಆಸ್ತಿ' ಎಂಬ ಮಾತು. ಭಾಷಣದಲ್ಲಿ ನಮ್ಮವಾಗಿದ್ದ ವಸ್ತುಗಳು ನೋಟಿಸಿನಲ್ಲಿ ನಿಮ್ಮವಾದದ್ದು ಯಾವಾಗ? ನಮ್ಮವು ಎಂದದ್ದು ಕೆಟ್ಟಾಗ ನಾವೇ ನೋಡಿಕೊಳ್ಳಲಿ ಎಂದೂ, ನಿಮ್ಮವು ಎಂದದ್ದು ಮಾತು ಕೇಳದಾಗ ಕಿತ್ತುಕೊಳ್ಳಲೆಂದೂ ಇರಬಹುದೇ?

ನನ್ನದು ಬರೀ ಸಂಶಯ ಎನ್ನುತ್ತೀರಿ. ಹೌದು. ಗಂಡನಿಗೆ ಬೇರೆ ದಾರಿಯಲ್ಲೂ ಗೊತ್ತಾಗಿರಬಹುದು. ಕಾರನ್ನು ಯಾರೋ ನೋಡಿರಬಹುದು, ವಕೀಲರ ಕಚೇರಿಯಲ್ಲಿ ಯಾರೋ ಬಾಯಿ ಬಿಟ್ಟಿರಬಹುದು. ಇದನ್ನೆಲ್ಲ ನಾನು ನನಗೇ ಹೇಳಿಕೊಂಡಿದ್ದೇನೆ. ಆದರೆ ಕಾರು ನೋಡಿದವನು ಆಕೆ ಬೆಳಗ್ಗೆ ಸ್ನಾನದ ಮನೆಗೆ ಹೋಗಿ ಮತ್ತೆ ಬಟ್ಟೆ ಒಗೆಯುವ ಕಟ್ಟಡದ ಹತ್ತಿರ ಬರುತ್ತಾಳೆಂದು ಹೇಗೆ ಹೇಳಿಯಾನು? ಆ ಹಾದಿ ನನಗೆ ಗೊತ್ತಿತ್ತು, ಮರ್ವ್‌ಗೆ ಗೊತ್ತಿತ್ತು, ಮತ್ತೆ ನಿಮ್ಮ ಎರಡು ಪೆಟ್ಟಿಗೆಗಳಿಗೆ ಗೊತ್ತಿತ್ತು. ನಾನು ಹೇಳಿಲ್ಲ. ಮರ್ವ್ ಹೇಳಿಲ್ಲ.

ಡೆಲ್ಫೀನ್ ಹೋದ ತಿಂಗಳು ಯಾವುದೋ ಅಂಗಡಿಯ ಫೋನಿನಿಂದ ಮಾತಾಡಿದಳು. ನಾಯಿ ಸತ್ತಿತಂತೆ, ನೆಮ್ಮದಿಯಾಗಿ, ನಿದ್ದೆಯಲ್ಲಿ. ಈಗ ಎಲ್ಲಿ ಹೋದರೂ, ಗ್ರಂಥಾಲಯವಾಗಲಿ ಆಸ್ಪತ್ರೆಯಾಗಲಿ, ಬಾಗಿಲ ಹೊರಗೇ ಫೋನ್ ಆರಿಸಿ ಒಳಗೆ ಹೋಗುತ್ತಾಳಂತೆ. "ಮರ್ವ್‌ಗೆ ಹೇಳು, ಅವತ್ತು ನಾನು ಹಾಗಂದಿದ್ದು ತಪ್ಪಾಯ್ತು ಅಂತ," ಎಂದಳು. ಹೇಳಿದೆ. "ಅವ್ಳು ಯಾರನ್ನ ನಂಬ್ಬೇಕಿತ್ತು, ಪಾಪ," ಎಂದಷ್ಟೇ ಅಂದು ಹರಿದ ಬಲೆ ಹೊಲಿಯುವುದನ್ನು ಮುಂದುವರಿಸಿದ. ಈ ಪತ್ರ ಬರೆಯಲೇ ಎಂದು ಅದೇ ಫೋನಿನಲ್ಲಿ ಆಕೆಯನ್ನು ಕೇಳಿದಾಗ, "ಬರಿ. ಹೆಸ್ರು ಬಿಟ್ಟು ಎಲ್ಲಾ ಬರಿ. ಉತ್ತರ ಬಂದ್ರೆ ನಂಗೂ ಹೇಳು" ಎಂದಳು. ಹೇಗೆ ಹೇಳಲಿ, ಎಲ್ಲಿರುತ್ತೀ ಎಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಪೆಟ್ಟಿಗೆಗಳನ್ನು ಒಡೆದು ಹಾಳುಮಾಡಿದ್ದೇನೆಂದು ನೀವು ಭಾವಿಸಿದ್ದರೆ ತಪ್ಪು; ಹೊಸದನ್ನು ಕೂರಿಸುವ ಮೊದಲು ಪ್ರತಿಯೊಂದರ ಹಳೆಯ ತಂತ್ರಾಂಶದ ನಕಲನ್ನೂ ತೆಗೆದು ಜೋಪಾನವಾಗಿಟ್ಟಿದ್ದೇನೆ. ನಿಮ್ಮ 'ಮೂಲ ಸ್ಥಿತಿ' ಬೇಕೆಂದರೆ ನಾನೇ ಏಣಿ ಹತ್ತಿ ಕೂರಿಸಿಕೊಡುತ್ತೇನೆ. ಅದಕ್ಕೆ ನೀವು ಒಂದೇ ಒಂದು ವಾಕ್ಯ ಬರೆದುಕೊಡಬೇಕು: ನಮ್ಮ ಪಾರ್ಕಿನ ಮಾಹಿತಿಯಲ್ಲಿ ಆ ಹೆಂಗಸಿನ ಹೆಸರನ್ನು ಯಾರೂ, ಎಂದೂ, ಹುಡುಕಿ ನೋಡಿಲ್ಲ. ವಿಭಾಗದ ಪರವಾಗಿ ಅಲ್ಲ, ಕಾಂಟ್ರಾಕ್ಟ್ ಕಂಪನಿಯ ಪರವಾಗಿ ಅಲ್ಲ, ನಿಮ್ಮ ಸ್ವಂತ ಹೆಸರಿನಲ್ಲಿ, ನಿಮ್ಮ ಕೈಯಾರೆ ಸಹಿ ಹಾಕಿ. ಆಕೆಯ ನಿಜವಾದ ಹೆಸರು ಪೊಲೀಸರ ದಾಖಲೆಯಲ್ಲಿದೆ; ವಿಚಾರಿಸಿ, ಖಾತ್ರಿ ಮಾಡಿಕೊಂಡು, ಆಮೇಲೆ ಹಾಕಿ. ಹಾಕಲು ಕೈ ಹಿಂಜರಿದರೆ, ಪೆನ್ನು ಕೆಳಗಿಟ್ಟು ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಿ ಯಾಕೆಂದು ಹೇಳಿ.

ಇಂತಿ,
ನಿಮ್ಮ ಪರದೆಯ ಮೇಲೆ ಈಗ ಕಾಣಿಸದಿರುವ,
ಗ್ವೆಂಡಾ ಪ್ರಿಡೊ
ಕ್ಯಾರವಾನ್ ಪಾರ್ಕಿನ ಉಸ್ತುವಾರಿ, ಪೋರ್ಟ್ ಕ್ಯಾರೊ